ಎಲೆ ಹಳೇದೇ, ಬಿಡ್ಡಿಂಗ್ ಬೇರೆ
ಇಸ್ಪೀಟಿನ ಬ್ರಿಡ್ಜ್ ಆಟದ ಹಳಬರು ಎಷ್ಟೇ ವರ್ಷ ಬಿಟ್ಟು ಬಂದರೂ ವಾರದೊಳಗೆ ಹದಕ್ಕೆ ಬರ್ತಾರೆ ಅಂತ ಬರೆದಿದ್ದೀರಿ ಸರ್. ಎಲೆ ಆಡೋದರ ಮಟ್ಟಿಗೆ ಒಪ್ಪುತ್ತೇನೆ. ವರ್ಗಾವರ್ಗಿ, ಮಕ್ಕಳ ಓದು ಅಂತ ಟೂರ್ನಮೆಂಟ್ ಬಿಟ್ಟಿದ್ದ ನಾನು ನಿವೃತ್ತಿಯಾದ ಮೇಲೆ ಮತ್ತೆ ಕೂತಾಗ ತುರುಫು ಎಣಿಸೋದು, ರಾಣಿ ಯಾರ ಕೈಲಿದೆ ಅಂತ ಅಂದಾಜು ಮಾಡೋದು ತಾನಾಗೇ ಬಂತು. ತೊಡಕಾಗಿದ್ದು ಬಿಡ್ಡಿಂಗ್, ಅಂದರೆ ಎಲೆ ಆಡೋ ಮುಂಚೆ ಎಷ್ಟು ಸುತ್ತು ಗೆಲ್ತೀವಿ ಅಂತ ಸರದಿಯಂತೆ ಕೂಗೋದು, ಅದರಲ್ಲೇ ಪಾರ್ಟ್ನರ್‌ಗೆ ಕೈಲಿರೋ ಎಲೆ ತಿಳಿಸೋದು.

ನಮ್ಮ ಕಾಲದಲ್ಲಿ 'ಫೋರ್ ನೋ ಟ್ರಂಪ್' ಅಂತ ಬಿಡ್ ಮಾಡಿದರೆ ಪಾರ್ಟ್ನರ್ ಹತ್ತಿರ ಎಕ್ಕ ಎಷ್ಟಿದೆ ಅಂತ ಕೇಳಿದ ಹಾಗೆ. ಅವರು 'ಫೈವ್ ಡೈಮಂಡ್' ಅಂದರೆ ಒಂದಿದೆ ಅಂತ. ಈಗ ಬಹಳ ಜನ ನಾಲ್ಕು ಎಕ್ಕದ ಜೊತೆ ತುರುಫಿನ ರಾಜನನ್ನೂ ಸೇರಿಸಿ ಐದು ಕೀ ಕಾರ್ಡ್ (ಮುಖ್ಯ ಎಲೆ) ಲೆಕ್ಕ ಹಾಕ್ತಾರೆ. '1430' ಅನ್ನೋ ಉತ್ತರದ ಪದ್ಧತಿ ಆಡೋ ಜೋಡಿಗೆ ಅದೇ ಫೈವ್ ಡೈಮಂಡ್ ಅಂದರೆ ಸೊನ್ನೆ, ಇಲ್ಲಾಂದ್ರೆ ಮೂರು! ಸ್ಲ್ಯಾಮ್ (ಹದಿಮೂರು ಸುತ್ತಲ್ಲಿ ಹನ್ನೆರಡೋ ಹದಿಮೂರೋ ಗೆಲ್ತೀವಿ ಅನ್ನೋ ಬಿಡ್) ಹಾಕಬೇಕೋ ಬೇಡವೋ ಅನ್ನೋದು ಇದರ ಮೇಲೇ ನಿಂತಿರುತ್ತೆ. ಅದಕ್ಕೇ ಟೇಬಲ್‌ಗೆ ಹೋಗೋ ಮುಂಚೆ ಪಾರ್ಟ್ನರ್ ಜೊತೆ ಕೂತು, ಯಾವ ಬಿಡ್‌ಗೆ ಯಾವ ಅರ್ಥ ಅಂತ ಬರೆದಿಡೋ ಕನ್ವೆನ್ಷನ್ ಕಾರ್ಡ್ ತುಂಬಿಬಿಡೋದು ಒಳ್ಳೇದು.

ಬಾಯಲ್ಲಿ ಬಿಡ್ ಹೇಳೋದು ಹೋಗಿ ಡಬ್ಬಿಯಿಂದ ಚೀಟಿ ತೆಗೆದಿಡೋದು ಬಂದಿದ್ದು ಮಾತ್ರ ಭೇಷ್. ಪಾಸ್‌ಗೆ (ಬಿಡ್ ಇಲ್ಲ ಅನ್ನೋಕೆ) ಹಸಿರು, ಡಬಲ್‌ಗೆ (ಎದುರಾಳಿಯ ಬಿಡ್ ಮೇಲೆ ಪಂಥ ಏರಿಸೋಕೆ) ಕೆಂಪು. 'ಪಾ...ಸ್' ಅಂತ ರಾಗ ಎಳೆದು ಸುಳಿವು ಕೊಡೋರ ಆಟ ಈಗ ನಡೆಯಲ್ಲ (ಅಂಥ ಮಹಾನುಭಾವರು ಬೇಕಾದಷ್ಟಿದ್ದರು).

ವಯಸ್ಸಾಯ್ತು ಅಂತ ಹಿಂಜರಿಯೋರಿಗೆ ಒಂದು ಮಾತು: 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಜೋಡಿ ಚಿನ್ನ ಗೆದ್ದಾಗ ಪ್ರಣಬ್ ಬರ್ಧನ್‌ಗೆ 60, ಶಿಬನಾಥ್ ಸರ್ಕಾರ್‌ಗೆ 56.

ಮುಂದಿನ ಸಲ ಸಿಗ್ನಲ್ ಬಗ್ಗೆ, ಅಂದರೆ ಹಾಕೋ ಎಲೆಯಿಂದಲೇ ಪಾರ್ಟ್ನರ್‌ಗೆ ನಿಯಮದೊಳಗೆ ಸುಳಿವು ಕೊಡೋದರ ಬಗ್ಗೆ ಬರೀರಿ ಸರ್. ಚಿಕ್ಕ ಎಲೆ ಹಾಕಿದರೆ ನಮಗೆ 'ಈ ಜಾತಿಯ ಎಲೆ ಬೇಡ' ಅಂತಿತ್ತು. ಈಗಿನ ಎಷ್ಟೋ ಹುಡುಗರು ಅದನ್ನೇ ಹಾಕಿ 'ಇದನ್ನೇ ಆಡಿ' ಅಂತಾರೆ.