ಉದ್ಯಾನ್ ಎಕ್ಸ್‌ಪ್ರೆಸ್ ತಡವಾದ ದಿನ

ನನ್ನ ಅಲ್ಮಾರಿಯಲ್ಲಿ ಈಗ ಏಳು ಶಾಲುಗಳಿವೆ. ಒಂದೂ ನಾನು ಕೊಂಡಿದ್ದಲ್ಲ. ಎಲ್ಲವೂ ಕಾಲೇಜುಗಳಲ್ಲಿ ಹೊದಿಸಿದವು. ಕಲಬುರಗಿಯ ಬಿಸಿಲಲ್ಲಿ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಇನ್ನೂ ತೀರ್ಮಾನವಾಗಿಲ್ಲ. ಕರಿ ಕೋಟು, ಅದರ ಮೇಲೆ ಶಾಲು, ಅದರ ಮೇಲೆ ಹಾರ. ಫೋಟೋ ಮುಗಿಯುವವರೆಗೆ ಬೆವರುತ್ತಾ ನಗುತ್ತಿರಬೇಕು.

ಏಳನೆಯದು ಹೋದ ವಾರ ಬಂತು. ನಾನು ಓದಿದ ಕಾನೂನು ಕಾಲೇಜಿಗೇ ಅತಿಥಿಯಾಗಿ ಹೋಗಿದ್ದೆ. ವಾಪಸ್ ಬಂದಾಗಿನಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಕಾನೂನು ಓದಿದವರಿಗೆ ಹೆಸರು ಬೇಕಾಗಿಯೂ ಇಲ್ಲ, ತಮ್ಮ ಕಾಲೇಜೇ ಕಣ್ಣ ಮುಂದೆ ಬರುತ್ತದೆ.

ಕಾರ್ಯಕ್ರಮ ಹತ್ತೂವರೆಗೆ ಅಂತ ಕಾರ್ಡಿನಲ್ಲಿತ್ತು. ಶುರುವಾಗಿದ್ದು ಹನ್ನೊಂದು ಮುಕ್ಕಾಲಿಗೆ. ಪ್ರಾರ್ಥನೆ, ಸಂವಿಧಾನದ ಪೀಠಿಕೆ ಓದು, ಸಸಿಗೆ ನೀರು ಹಾಕುವುದು, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ. ನನ್ನ ಪರಿಚಯ ಕೇಳುತ್ತಾ ನನಗೇ ಅನುಮಾನ ಬಂತು, ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ ಅಂತ. ಆಮೇಲೆ ಸನ್ಮಾನ. ನಾನು ಮೈಕ್ ಹಿಡಿದಾಗ ಹನ್ನೆರಡೂವರೆ ದಾಟಿತ್ತು. ಒಂದೂಕಾಲಿಗೆ ಚೀಟಿ ಬಂತು: 'ಅಧ್ಯಕ್ಷೀಯ ನುಡಿ ಬಾಕಿ ಇದೆ.' ವಂದನಾರ್ಪಣೆಯಲ್ಲಿ ಶಾಮಿಯಾನದವರಿಂದ ಹಿಡಿದು ಮೈಕ್‌ನವರ ತನಕ ಎಲ್ಲರಿಗೂ ಕೃತಜ್ಞತೆ ಸಂದಿತು. ಎರಡು ಗಂಟೆ ಸುಮ್ನೆ ಕೂತ ಹುಡುಗರ ಹೆಸರು ಮಾತ್ರ ಕೊನೆಯಲ್ಲಿ ಬಂತು.

ದೂರಲಿಕ್ಕೆ ಬರೆಯುತ್ತಿಲ್ಲ. ಅಥವಾ ಸ್ವಲ್ಪ ದೂರಲಿಕ್ಕೇ ಇರಬೇಕು. ಆದರೆ ಮೊದಲು ಎರಡು ಹಳೆಯ ಉಪನ್ಯಾಸಗಳ ಕಥೆ ಹೇಳಬೇಕು.

ನಾನು ಕೊನೆಯ ವರ್ಷದ ಎಲ್‌ಎಲ್‌ಬಿಯಲ್ಲಿದ್ದೆ. 2012ರ ಡಿಸೆಂಬರ್. ಆ ತಿಂಗಳು ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಒಪ್ಪಿತು. ಈಗ ಕಲ್ಯಾಣ ಕರ್ನಾಟಕ ಅನ್ನುವ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದದ್ದು ಹಾಗೆ. ನಮ್ಮ ಭಾಗದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ. ಜಗತ್ ಸರ್ಕಲ್‌ನ ಚಹಾ ಅಂಗಡಿಯಲ್ಲೂ ಅದೇ ಮಾತು. ಆ ವಾರ ನಮ್ಮ ಕಾಲೇಜಿನಲ್ಲಿ ನಡೆದ ವಿಶೇಷ ಉಪನ್ಯಾಸದ ವಿಷಯ ಏನು ಗೊತ್ತಾ? ಸಮುದ್ರ ಕಾನೂನು. ಕರಾವಳಿಯಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಜಲಗಡಿ, 200ರವರೆಗೆ ಆರ್ಥಿಕ ವಲಯ, 1982ರ ಒಪ್ಪಂದ. ಪಾಪ, ಬಂದವರು ವಿದ್ವಾಂಸರೇ, ಮಾತಾಡಿದ್ದೂ ಚೆನ್ನಾಗಿಯೇ. ಆದರೆ ನಮ್ಮ ಕ್ಲಾಸಿನ ಮುಕ್ಕಾಲು ಮಂದಿ ಭೀಮಾ ನದಿಗಿಂತ ದೊಡ್ಡ ನೀರು ನೋಡಿದವರಲ್ಲ. ಪಕ್ಕದಲ್ಲಿದ್ದ ಗೆಳತಿ ಕಿವಿಯಲ್ಲಿ ಕೇಳಿದಳು, 'ಇದು ಆಳಂದ ಕೋರ್ಟಿನ್ಯಾಗ ಬರ್ತದೇನ?' ನಕ್ಕಿದ್ದಕ್ಕೆ ಇಬ್ಬರೂ ಬೈಸಿಕೊಂಡೆವು.

ಇವತ್ತು ಅದೇ ಹಾಲ್‌ನಲ್ಲಿ ಕೂರುವ ಎಷ್ಟೋ ಮಕ್ಕಳ ಬ್ಯಾಗಿನಲ್ಲಿ ಉಪವಿಭಾಗಾಧಿಕಾರಿಯ ಆಫೀಸಿನಿಂದ ತಂದ 371ಜೆ ಪ್ರಮಾಣಪತ್ರ ಇರುತ್ತದೆ. ಅದನ್ನು ಯಾವ ಆಧಾರದ ಮೇಲೆ ಕೊಡುತ್ತಾರೆ, ನಿರಾಕರಿಸಿದರೆ ಎಲ್ಲಿಗೆ ಹೋಗಬೇಕು ಎಂದು ಅವರಿಗೆ ಹೇಳಲು ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ. ಹೈಕೋರ್ಟ್ ಪೀಠ ನಮ್ಮೂರಲ್ಲೇ ಇದೆಯಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅಲ್ಲಿ ಈ ಕೇಸುಗಳನ್ನು ದಿನಾ ನಡೆಸುವ ವಕೀಲರಿದ್ದಾರೆ. ಆಟೋ ಹತ್ತಿದರೆ ಕಾಲೇಜು.

ಎರಡನೆಯ ಉಪನ್ಯಾಸ ಯಾರೂ ಯೋಜಿಸಿದ್ದಲ್ಲ. ಅತಿಥಿ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರಬೇಕಿತ್ತು. ಬೆಳಗಾದರೂ ರೈಲು ಯಾದಗಿರಿಯ ಆಚೆಯೇ ನಿಂತಿತ್ತು. ಹಾಲ್ ತುಂಬಿದೆ, ಹಾರ ಬಾಡುತ್ತಿದೆ, ಪ್ರಿನ್ಸಿಪಾಲರ ಮುಖ ಹಾರಕ್ಕಿಂತ ಜಾಸ್ತಿ ಬಾಡಿದೆ. ಆಗ ನಮ್ಮ ಒಬ್ಬ ಮೇಷ್ಟ್ರು ಕೋರ್ಟಿನ ಕಡೆ ಸ್ಕೂಟರ್ ಓಡಿಸಿ ಒಬ್ಬ ಮುದುಕರನ್ನು ಹಿಂದೆ ಕೂರಿಸಿಕೊಂಡು ಬಂದರು. ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉರ್ದು ಕಾಗದ ಓದಿಸಬೇಕಾದ ವಕೀಲರೆಲ್ಲ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಅವರು ಚಾಚಾ.

ಚಾಚಾ ವೇದಿಕೆ ಹತ್ತಲಿಲ್ಲ. ಮೈಕ್ ಬೇಡ ಅಂದರು. ಚೀಲದಿಂದ ಒಂದು ಹಳದಿ ಕಾಗದ ತೆಗೆದು, 'ಇದು ಯಾವ ಇಸವಿದು ಹೇಳ್ರಿ' ಅಂತ ಮುಂದಿನ ಸಾಲಿಗೆ ಕೊಟ್ಟರು. ಯಾರಿಗೂ ಬರಲಿಲ್ಲ. ಎಲ್ಲ ಉರ್ದು. 1948ರವರೆಗೆ ನಾವು ನಿಜಾಮರ ಕೈಕೆಳಗಿದ್ದವರು, ಕಚೇರಿಯ ಭಾಷೆ ಉರ್ದು, ಕಚೇರಿಯ ವರ್ಷ ಫಸಲಿ, ಅಂದರೆ ಕಂದಾಯ ಲೆಕ್ಕದ ಇಸವಿ. ಇತಿಹಾಸದಲ್ಲಿ ಓದಿದ್ದೆವು. ಅದು ಕೇಸಿನೊಳಗೆ ಬಂದು ಕೂರುತ್ತದೆ ಎಂದು ಗೊತ್ತಿರಲಿಲ್ಲ.

'ಕಾಗದ ಓದೋದು ಆಮ್ಯಾಲ. ಮೊದ್ಲ ತಾರೀಖು ಓದ್ರಿ' ಅಂದರು ಚಾಚಾ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ನಮ್ಮ ಇಸವಿ ಸಿಗಬೇಕಾದರೆ, ಡಿಸೆಂಬರ್‌ವರೆಗಿನ ತಾರೀಖಾದರೆ ಫಸಲಿ ವರ್ಷಕ್ಕೆ 590 ಕೂಡಿಸಬೇಕು, ಜನವರಿಯಿಂದ 591. ತಿಂಗಳುಗಳ ಹೆಸರು ಹೇಳಿಸಿದರು: ಆಜೂರ್, ದೈ, ಬಹಮನ್. ಬಹಮನ್ ಅಂದಾಗ ಎಲ್ಲರೂ ಬಹಮನಿ ಸುಲ್ತಾನರ ಕೋಟೆಯ ಕಡೆ ಕೈ ತೋರಿಸಿ ನಕ್ಕೆವು, ಅವರೂ ನಕ್ಕರು. ಖುಷ್ಕಿ ಅಂದರೆ ಒಣಬೇಸಾಯದ ಹೊಲ, ತರಿ ಅಂದರೆ ನೀರಾವರಿ. ಮೌಜೆ ಅಂದರೆ ಊರು. ಹೆಸರಿನ ಮುಂದೆ ಪಟ್ಟೇದಾರ, ಅಂದರೆ ದಾಖಲೆಯ ಹಕ್ಕುದಾರ ಅಂತಿದೆಯಾ, ಕಬ್ಜೆದಾರ, ಅಂದರೆ ಸ್ವಾಧೀನದಲ್ಲಿರುವವ ಅಂತಿದೆಯಾ ನೋಡಿ, ಕೇಸು ಅಲ್ಲೇ ಇರುತ್ತದೆ ಅಂದರು. ಒಂದೂವರೆ ಗಂಟೆ ಹೇಗೆ ಹೋಯಿತೋ. ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಅವತ್ತು ಶಾಲು ಬೆಂಗಳೂರಿನ ಅತಿಥಿಗೆ ಅಂತ ತಂದಿದ್ದರು, ಹಾಗೇ ಆಫೀಸಿನಲ್ಲಿ ಉಳಿಯಿತು. ಚಾಚಾ ಚಹಾ ಕುಡಿದು ಹೋದರು. ಫೋಟೋ ಕೂಡ ಇಲ್ಲ. ಆ ವರ್ಷದ ವರದಿಯಲ್ಲಿ ಆ ಉಪನ್ಯಾಸ ನಡೆದೇ ಇಲ್ಲ.

ಆರು ವರ್ಷದ ನಂತರ ನನ್ನ ಹತ್ತಿರ ಒಂದು ಹೊಲದ ಕೇಸು ಬಂತು. ಖರೀದಿ ಪತ್ರದ ಮೇಲೆ 1352 ಅಂತಿತ್ತು. ಎದುರು ಕಡೆಯವರು ಅದನ್ನು ಹಿಜರಿ ಅಂತ ಹಿಡಿದು 1933 ಅಂದಿದ್ದರು. ಆ ಲೆಕ್ಕದಲ್ಲಿ ಹೊಲ ಮಾರಿದವನಿಗೆ ಆಗ ಬರೀ ಹನ್ನೆರಡು ವರ್ಷ, ಮೈನರ್ ಮಾಡಿದ ಮಾರಾಟ ನಿಲ್ಲುವುದಿಲ್ಲ. ತಿಂಗಳ ಹೆಸರು ನೋಡಿದೆ. ದೈ. ಅದು ಫಸಲಿ. ಅಂದರೆ 1942, ಮಾರಿದವನಿಗೆ ಇಪ್ಪತ್ತೊಂದು. ಸಮುದ್ರ ಕಾನೂನಿನ 12 ಮೈಲಿ ನನಗೆ ಈಗಲೂ ನೆನಪಿದೆ. ಆದರೆ ಹೊಟ್ಟೆಗೆ ರೊಟ್ಟಿ ಹಾಕಿದ್ದು 590.

ಹಾಗಂತ ದೂರದಿಂದ ಯಾರನ್ನೂ ಕರೆಯಬೇಡಿ ಅನ್ನುತ್ತಿಲ್ಲ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ಕೇಸಿನಲ್ಲಿ 13 ನ್ಯಾಯಮೂರ್ತಿಗಳು 7-6 ಅಂತ ಹೇಗೆ ಒಡೆದರು ಎಂಬುದನ್ನು ಆಳವಾಗಿ ಓದಿದವರ ಬಾಯಿಂದ ಕೇಳುವ ಸುಖವೇ ಬೇರೆ. ನನ್ನ ತಕರಾರು ಆಯ್ಕೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಇಷ್ಟು ಕಾರ್ಯಕ್ರಮ ಬೇಕು, ಜಿಯೋಟ್ಯಾಗ್ ಇರುವ ಫೋಟೋ ಬೇಕು, ಹಾಜರಿ ಸಹಿ ಬೇಕು. ದೊಡ್ಡ ಹುದ್ದೆಯ ಹೆಸರಿದ್ದರೆ ಫೈಲು ತೂಕವಾಗಿ ಕಾಣುತ್ತದೆ. ನಿವೃತ್ತ ರೆಕಾರ್ಡ್ ಕೀಪರ್ ಅಂತ ಫ್ಲೆಕ್ಸ್‌ನಲ್ಲಿ ಹಾಕಿಸಲು ಯಾರಿಗೆ ಧೈರ್ಯವಿದೆ?

ಇನ್ನೊಂದು ತಮಾಷೆ ನೋಡಿ. ನಮ್ಮ ಕಾಲೇಜುಗಳಲ್ಲಿ 'ಅತಿಥಿ' ಎಂಬ ಪದಕ್ಕೆ ಎರಡು ಅರ್ಥ. ಒಬ್ಬ ಅತಿಥಿ ವರ್ಷಕ್ಕೊಮ್ಮೆ ಬಂದು ನಲವತ್ತು ನಿಮಿಷ ಮಾತಾಡಿ ಶಾಲು, ಹಣ್ಣಿನ ಬುಟ್ಟಿ ಒಯ್ಯುತ್ತಾನೆ. ಇನ್ನೊಬ್ಬ ಅತಿಥಿ ಉಪನ್ಯಾಸಕ. ವರ್ಷವಿಡೀ ಅಪರಾಧ ಕಾನೂನಿನಿಂದ ಹಿಡಿದು ತೆರಿಗೆಯವರೆಗೆ ಪಾಠ ಮಾಡುತ್ತಾನೆ, ಗೌರವಧನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾನೆ. ಮೊದಲನೆಯ ಅತಿಥಿ ಬರುವ ದಿನ ಕುರ್ಚಿ ಸಾಲು ಸರಿಮಾಡುವವನೂ ಇವನೇ. ಚಾಚಾರನ್ನು ಸ್ಕೂಟರ್ ಮೇಲೆ ಕರೆತಂದ ನಮ್ಮ ಮೇಷ್ಟ್ರು ಅಂಥವರೇ. ಎರಡು ವರ್ಷದ ಮೇಲೆ ಬಿಟ್ಟು ಹೋದರು. ಅವರಿಗೆ ಯಾರೂ ಬೀಳ್ಕೊಡುಗೆ ಮಾಡಲಿಲ್ಲ.

ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರದೇ ಬೇರೆ ಪೋಸ್ಟ್ ಆಗುತ್ತದೆ. ಒಂದೇ ಮಾತು. ಬಾರ್ ಕೌನ್ಸಿಲ್ ನಿಯಮದಲ್ಲಿ ಮೂಟ್‌ಗೆ 30 ಅಂಕ ಇದ್ದರೆ, ಕೋರ್ಟಿಗೆ ಹೋಗಿ ಎರಡು ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೂ 30 ಅಂಕವಿದೆ. ಮೂಟ್‌ಗೆ ವೇದಿಕೆ, ಬಹುಮಾನ, ಕೋಟು ಬಾಡಿಗೆ. ವಿಚಾರಣೆಯ ಡೈರಿಯನ್ನು ಮಾತ್ರ ಸೀನಿಯರ್‌ಗಳ ಹಳೆಯ ಡೈರಿ ನೋಡಿ ರಾತ್ರೋರಾತ್ರಿ ಬರೆಯುತ್ತಾರೆ. ನಾನೂ ಹಾಗೇ ಬರೆದಿದ್ದೆ. ಮೊದಲ ಸಲ ನಿಜವಾದ ಪಾಟೀಸವಾಲು ನೋಡಿದ್ದು ವಕೀಲಿಕೆಯ ಸನ್ನದು ಸಿಕ್ಕ ಮೇಲೆ.

ಹಳ್ಳಿಗಳ ಕಾನೂನು ಅರಿವು ಶಿಬಿರಕ್ಕೂ ಹೋಗಿದ್ದೆವು. ಗುಡಿ ಕಟ್ಟೆ, ಬ್ಯಾನರ್, ಮೂಲಭೂತ ಹಕ್ಕುಗಳ ಬಗ್ಗೆ ಭಾಷಣ. ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: 'ವಕೀಲರಿಗಿ ಕೊಡ್ಲಾಕ ರೊಕ್ಕ ಇಲ್ಲಂದ್ರ ಹ್ಯಾಂಗ್ರಿ?' ಹೆಣ್ಣುಮಕ್ಕಳಿಗೆ ವರಮಾನ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂದು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಅವತ್ತು ನಮ್ಮಲ್ಲಿ ಒಬ್ಬರಿಗೂ ಅದು ಬಾಯಿಗೆ ಬರಲಿಲ್ಲ. 'ಮೂಲಭೂತ ಹಕ್ಕು' ಅಂತ ಏನೋ ಹೇಳಿ ಕೂರಿಸಿದೆವು.

ಈಗ ಹೋದ ವಾರದ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಗೊತ್ತಿರುವ ನಾನು ಏನು ಮಾಡಿದೆ? ಅದೇ ಮಾಡಿದೆ. ಹೊಸ ಅಪರಾಧ ಕಾನೂನುಗಳು ಅಂತ ವಿಷಯ ಕೊಟ್ಟಿದ್ದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಯಾವ ಸೆಕ್ಷನ್ ಯಾವುದಾಯಿತು, ಕೊಲೆಯ 302 ಈಗ 103, ವಂಚನೆಯ 420 ಈಗ 318. ಪುಸ್ತಕದಲ್ಲಿ ಪಟ್ಟಿ ಮಾಡಿರುವುದನ್ನೇ ಓದಿದೆ. ನಡುನಡುವೆ ಇಂಗ್ಲಿಷ್. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಮಕ್ಕಳ ಮುಂದೆ ನನಗೆ ಯಾಕೆ ಅಷ್ಟು ಇಂಗ್ಲಿಷ್ ಬಂತೋ ಗೊತ್ತಿಲ್ಲ. ಶಾಲು ಹೊದಿಸಿಕೊಂಡರೆ ಭಾಷೆಯೂ ಬದಲಾಗುತ್ತದೆ ಅನಿಸುತ್ತದೆ.

ಪ್ರಶ್ನೆಗಳಿಗೆ ಐದು ನಿಮಿಷ ಅಂದರು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಜೇವರ್ಗಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವಳು ಅಂತ ಆಮೇಲೆ ಗೊತ್ತಾಯಿತು. 'ಮೇಡಂ, ನೀವು ಪ್ರಾಕ್ಟೀಸಿಗಿ ಬಂದ ಮೊದಲ್ನೇ ವರ್ಷ ಸೀನಿಯರ್ ಎಷ್ಟು ಕೊಡ್ತಿದ್ರು?'

ಹಾಲ್ ನಕ್ಕಿತು. ಪಕ್ಕದಲ್ಲಿದ್ದವರೊಬ್ಬರು, 'ವಿಷಯಕ್ಕೆ ಸಂಬಂಧಪಟ್ಟಿದ್ದು ಕೇಳಮ್ಮ' ಅಂದರು. ನಾನೂ ನಕ್ಕು, ಶ್ರದ್ಧೆ ಇದ್ದರೆ ದುಡ್ಡು ತಾನಾಗಿ ಬರುತ್ತದೆ ಅಂತ ಒಂದು ಹಸಿ ಸುಳ್ಳು ಹೇಳಿದೆ. ಚಪ್ಪಾಳೆ ಬಿತ್ತು. ಅವಳು ಕೂತಳು.

ಊಟದ ಹೊತ್ತಿಗೆ ತಟ್ಟೆ ಹಿಡಿದು ಅವಳನ್ನು ಹುಡುಕಿಕೊಂಡು ಹೋದೆ. ಮೊದಲ ಎಂಟು ತಿಂಗಳು ಏನೂ ಇಲ್ಲ ಅಂದೆ. ಆಮೇಲೆ ತಿಂಗಳಿಗೆ ಎರಡು ಸಾವಿರ. ಬಸ್ ಪಾಸ್, ಟೈಪಿಂಗ್ ಎಲ್ಲ ಅದರಲ್ಲೇ. ಅಣ್ಣ ತೊಗರಿ ಮಾರಿ ಕಳಿಸದಿದ್ದರೆ ನಾನು ಉಳಿಯುತ್ತಿರಲಿಲ್ಲ. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯಿಂದ ತರಬೇತಿ ಭತ್ಯೆ ಇದೆ, ಸನ್ನದು ಸಿಕ್ಕ ಕೂಡಲೇ ವಿಚಾರಿಸಬೇಕು ಅಂತಲೂ ಹೇಳಿದೆ. ಸೀನಿಯರ್ ಆರಿಸುವಾಗ ಏನು ಕೇಳಬೇಕು, ಹೆಣ್ಣುಮಕ್ಕಳು ಏನೇನು ನೋಡಿಕೊಳ್ಳಬೇಕು, ಎಲ್ಲ ಹೇಳಿದೆ. ಸುತ್ತ ಹತ್ತು ಹನ್ನೆರಡು ಹುಡುಗಿಯರು ನಿಂತಿದ್ದರು. ಅನ್ನ ತಣ್ಣಗಾಯಿತು.

ಅವಳು ಕೈಯಲ್ಲಿದ್ದ ನೋಟ್‌ಬುಕ್ ತೆರೆದು ಬರೆದುಕೊಂಡಳು. ನನ್ನ ಕಣ್ಣು ಅತ್ತ ಹೋಯಿತು. ಪುಟದ ಮೇಲೆ ದುಂಡಗಿನ ಅಕ್ಷರದಲ್ಲಿ 'ವಿಶೇಷ ಉಪನ್ಯಾಸ', ತಾರೀಖು, ನನ್ನ ಹೆಸರು. ಕೆಳಗೆ ಇಡೀ ಪುಟ ಖಾಲಿ. ಈಗ ಅದರ ನಡುವೆ '8 ತಿಂಗಳು ಇಲ್ಲ, ನಂತರ 2000' ಅಂತ ಬರೆದು ಅಡಿಗೆರೆ ಎಳೆದಳು.