ಒಂದೇ ಪಾಠ, ಎರಡು ಲೆಕ್ಕ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅಕ್ಕನ ಮಗ ಸೆಕೆಂಡ್ ಪಿಯುಸಿ. "ಅದ್ಯಾವ್ದೋ ರೊಟೇಷನಲ್ ಮೋಷನ್ ಅಂತೆ ಕಣೋ, ಮೂರು ಹೊತ್ತೂ ಅದನ್ನೇ ಹಿಡ್ಕೊಂಡು ಕೂತವ್ನೆ" ಅನ್ನುವುದು ಅಕ್ಕನ ದೂರು. ತಿರುಗುವ, ಉರುಳುವ ವಸ್ತುಗಳ ಬಗೆಗಿನ ಫಿಸಿಕ್ಸ್ ಪಾಠ ಅದು. ಅವನನ್ನು ಕೇಳಿದರೆ, "ಕಷ್ಟ ಇದೆ ಮಾಮ, ಅದಕ್ಕೇ ಜಾಸ್ತಿ ಓದ್ತಿದೀನಿ" ಅನ್ನುತ್ತಾನೆ. ನಾನಿರುವ ಪುಣೆಯಲ್ಲಿ ಪಕ್ಕದ ಮನೆಯ ಹುಡುಗಿಯೂ ಅದೇ ಪಾಠಕ್ಕೆ ತುಂಬಾ ಹೊತ್ತು ಕೊಡುತ್ತಾಳೆ. ಅವಳ ಲೆಕ್ಕ ಸರಿ, ನಮ್ಮ ಹುಡುಗನದು ತಪ್ಪು ಅಂತ ನನಗನಿಸುತ್ತದೆ.

ಮಹಾರಾಷ್ಟ್ರ ಬೋರ್ಡಿನಲ್ಲಿ ಇದು ಹನ್ನೆರಡನೇ ಕ್ಲಾಸಿನ ಫಿಸಿಕ್ಸ್ ಪುಸ್ತಕದ ಮೊದಲ ಪಾಠ. ಅಲ್ಲಿನ ಸಿಇಟಿಯಲ್ಲಿ ಸುಮಾರು 80 ಪರ್ಸೆಂಟ್ ಹನ್ನೆರಡನೆಯದರಿಂದಲೇ ಬರುತ್ತದೆ. ನಮ್ಮಲ್ಲಿ ಅದು ಫಸ್ಟ್ ಪಿಯುಸಿ ಪಾಠ. ನಮ್ಮ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಸಿಇಟಿ, ಇನ್ನರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾರ್ಕ್ಸ್. ಆ ಇನ್ನರ್ಧಕ್ಕೆ ಈ ಪಾಠ ಒಂದು ಮಾರ್ಕನ್ನೂ ತಂದುಕೊಡುವುದಿಲ್ಲ. ಸಿಇಟಿ ಫಿಸಿಕ್ಸಿನ 60 ಪ್ರಶ್ನೆಗಳಲ್ಲಿ ಇದರ ಪಾಲೂ ಚಿಕ್ಕದೇ. ಅಷ್ಟಕ್ಕೆ ವಾರಗಟ್ಟಲೆ ಯಾಕೆ ಸುಮ್ನೆ?

ಪೂರ್ತಿ ಬಿಡು ಅಂತ ನಾನು ಹೇಳುತ್ತಿಲ್ಲ. ಒಂದು ವಸ್ತುವನ್ನು ತಿರುಗಿಸೋದು ಎಷ್ಟು ಕಷ್ಟ ಅನ್ನುವುದರ ಅಳತೆ ಮೊಮೆಂಟ್ ಆಫ್ ಇನರ್ಷಿಯಾ. ಅದು ಉಂಗುರಕ್ಕೆ ಎಂಆರ್ ಸ್ಕ್ವೇರ್ (ಎಂ ಅಂದರೆ ಮಾಸ್, ಆರ್ ಅಂದರೆ ರೇಡಿಯಸ್), ಡಿಸ್ಕಿಗೆ ಅದರ ಅರ್ಧ, ಗಟ್ಟಿ ಗೋಳಕ್ಕೆ ಅದರ ಐದರಲ್ಲಿ ಎರಡು ಪಾಲು. ಇಳಿಜಾರಿನಲ್ಲಿ ಮೂರನ್ನೂ ಒಟ್ಟಿಗೆ ಉರುಳಲು ಬಿಟ್ಟರೆ ಗೋಳ ಮೊದಲು, ಉಂಗುರ ಕೊನೆಗೆ ಯಾಕೆ ಅನ್ನುವುದು ಗೊತ್ತಿರಬೇಕು. ಆಮೇಲೆ ಹಳೇ ಪೇಪರುಗಳ ಪ್ರಶ್ನೆ ಬಿಡಿಸಿದರೆ ಆಯ್ತು. ನಮ್ಮ ಸಿಇಟಿಯಲ್ಲಿ ಒಂದು ಪೇಪರಿಗೆ 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡ್. ಪುಟಗಟ್ಟಲೆ ಬಿಡಿಸುವ ಲೆಕ್ಕ ಅಲ್ಲಿ ಬರೋದಿಲ್ಲ. ನೆಗೆಟಿವ್ ಮಾರ್ಕಿಂಗ್ ಬೇರೆ ಇಲ್ಲ, ಗೊತ್ತಾಗದಿದ್ದರೂ ಒಂದು ಉತ್ತರ ತುಂಬಿ ಮುಂದೆ ಹೋಗಬಹುದು.

ಪುಣೆಯವರದ್ದೆಲ್ಲ ನನಗೆ ಹಿಡಿಸುತ್ತದೆ ಅಂತಲ್ಲ. ಪುಸ್ತಕ ತೆರೆಯುವ ಮುಂಚೆಯೇ ಯಾವ ಪಾಠಕ್ಕೆ ಎಷ್ಟು ಮಾರ್ಕ್ಸ್ ಅಂತ ಗುಣಿಸಿ ಕೂರುತ್ತಾರೆ. ಅರ್ಥ ಆಗುವವರೆಗೂ ಬಿಡದ ನಮ್ಮ ಕಡೆಯ ಹಠವೇ ನನಗೆ ಇಷ್ಟ. ಆದರೆ ಆ ಹಠವನ್ನು ಎಲೆಕ್ಟ್ರೋಸ್ಟಾಟಿಕ್ಸ್ ಮೇಲೋ ರೇ ಆಪ್ಟಿಕ್ಸ್ ಮೇಲೋ ತೋರಿಸಲಿ. ಎರಡೂ ಸೆಕೆಂಡ್ ಪಿಯುಸಿ ಪಾಠ, ಬೋರ್ಡಿಗೂ ಬೇಕು, ಸಿಇಟಿಗೂ ಬೇಕು. ಜೆಇಇ ಬರೆಯುವವರ ಮಾತು ಬೇರೆ. ಅಲ್ಲಿ ಹನ್ನೊಂದನೇ ಕ್ಲಾಸಿನ ಪಾಠಕ್ಕೂ ಒಳ್ಳೇ ತೂಕ ಇದೆ, ತಪ್ಪಿದರೆ ಮಾರ್ಕ್ಸ್ ಕಳೆಯುತ್ತಾರೆ. ಅವರು ಬೇಕಾದರೆ ಇದೇ ಪಾಠಕ್ಕೆ ಇನ್ನೂ ಎರಡು ವಾರ ಕೊಡಲಿ.