ಯಾವ ದೇಶ ಸುಲಭ ಅಂತ ಕೇಳೋರಿಗೆ

ಬೆಳಗ್ಗೆ ಕಾಫಿ ಜೊತೆಗೆ ಒಂದು ರೀಲ್ ಕಣ್ಣಿಗೆ ಬಿತ್ತು. "ಯೂರೋಪಿಗೆ ಹೋಗೋಕೆ ಅತಿ ಸುಲಭದ ಐದು ದೇಶಗಳು." ಹಿಂದೆ ಹಿಮದ ಬೆಟ್ಟ, ಮುಂದೆ ದಪ್ಪ ಜಾಕೆಟ್ಟಿನ ಹುಡುಗ. ಪ್ರತಿ ದೇಶಕ್ಕೂ ಒಂದೇ ಸಾಲು: ಸಂಬಳ ಇಷ್ಟು ಯೂರೊ, ಅಂದ್ರೆ ಇಷ್ಟು ಲಕ್ಷ ರೂಪಾಯಿ. ಕೆಳಗೆ ನೂರಾರು ಜನ "ಬ್ರೋ ಡೀಟೇಲ್ಸ್ ಕಳ್ಸಿ". ಕಾಫಿ ಆರಿಹೋಯ್ತು, ಸಿಟ್ಟು ಆರಲಿಲ್ಲ.

ಅಲ್ಲಾ ಸ್ವಾಮಿ, ಸ್ಕೂಟರ್ ಕೊಳ್ಳೋಕೆ ಮೈಲೇಜು, ಸರ್ವಿಸು, ರೀಸೇಲು ಅಂತ ಮೂರು ತಿಂಗಳು ವಿಚಾರಿಸೋ ಜನ ನಾವು. ದೇಶ ಬದಲಿಸೋಕೆ ಮೂವತ್ತು ಸೆಕೆಂಡಿನ ವಿಡಿಯೊ ಸಾಕಾ? ಸಂಬಳ ನೋಡಿ ದೇಶ ಆರಿಸಬೇಡಿ ಅಂತ ಈ ಗೋಡೆ ಮೇಲೆ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ. ಓದಿ ಓದಿ ನಿಮಗೂ ಬೇಜಾರಾಗಿರುತ್ತೆ. ಆದರೂ ಇನ್ನೊಂದು ಸಲ ಸಹಿಸಿಕೊಳ್ಳಿ.

ಅಲ್ಲಿ ನಿಮ್ಮ ಬದುಕು ನಿಂತಿರೋದು ಕೈಯಲ್ಲಿರೋ ಪರ್ಮಿಟ್ ಮೇಲೆ. ಅದು ನಿಮ್ಮನ್ನು ಒಂದೇ ಕಂಪನಿಗೆ ಎಷ್ಟು ದಿನ ಕಟ್ಟಿಹಾಕುತ್ತೆ? ಜೊತೆಗೆ ಬರೋ ಗಂಡನಿಗೋ ಹೆಂಡತಿಗೋ ಕೆಲಸ ಮಾಡೋಕೆ ಬಿಡುತ್ತಾ? ಕೆಲಸ ಹೋದರೆ ಎಷ್ಟು ತಿಂಗಳು ಇರಗೊಡುತ್ತೆ? ಎಷ್ಟನೇ ವರ್ಷಕ್ಕೆ ಖಾಯಂ ಆಗುತ್ತೆ? ಈ ನಾಲ್ಕಕ್ಕೂ ಉತ್ತರ ಸಿಕ್ಕಮೇಲೆ ಸಂಬಳದ ಮಾತು.

ಜರ್ಮನಿಯನ್ನೇ ತಗೊಳ್ಳಿ, ಅರ್ಧ ಬೆಂಗಳೂರು ಅಲ್ಲಿಗೇ ಹೊರಟಂತಿದೆ. ಪದವಿ ಇದ್ದು ಕೆಲಸದ ಆಫರ್ ಇದ್ದರೆ ಬ್ಲೂ ಕಾರ್ಡ್, ಅಂದರೆ ಐರೋಪ್ಯ ಒಕ್ಕೂಟದ ದೇಶಗಳು ಓದಿದ ಹೊರಗಿನವರಿಗೆ ಕೊಡೋ ಕೆಲಸದ ಪರ್ಮಿಟ್. 2025ರಲ್ಲಿ ಅದಕ್ಕೆ ಬೇಕಿದ್ದ ವರ್ಷದ ಸಂಬಳ 48,300 ಯೂರೊ. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಕೊರತೆ ಪಟ್ಟಿಯ ಕೆಲಸಕ್ಕೆ, ಹಾಗೇ ಹೊಸದಾಗಿ ಪದವಿ ಮುಗಿಸಿದವರಿಗೆ 43,759.80. ಈ ಅಂಕಿ ಪ್ರತಿ ಜನವರಿಗೆ ಏರುತ್ತೆ. ಡಿಸೆಂಬರಿನ ಆಫರನ್ನು ಹಳೇ ಅಂಕಿಗೆ ಅಂಚಿನಲ್ಲಿ ಹೊಂದಿಸಿಕೊಂಡು, ಅರ್ಜಿ ಹಾಕುವಾಗ ಫೆಬ್ರವರಿ ಆದರೆ ಮುಗೀತು ಕಥೆ. ಐಟಿಯವರಿಗೆ ಪದವಿ ಇಲ್ಲದಿದ್ದರೂ, ಕಳೆದ 7 ವರ್ಷದಲ್ಲಿ 3 ವರ್ಷದ ಸರಿಯಾದ ಅನುಭವ ಇದ್ದರೆ ಕೆಳಗಿನ ಅಂಕಿಯಲ್ಲೇ ದಾರಿ ಇದೆ. ಇದನ್ನು ರೀಲಿನವರು ಯಾರೂ ಹೇಳಲ್ಲ.

ಪದವಿ ನಡೆಯುತ್ತಾ ಅಂತ ನೋಡೋಕೆ ಅನಾಬಿನ್ ಅನ್ನೋ ಸರ್ಕಾರಿ ದತ್ತಾಂಶ ಇದೆ, ಪುಕ್ಕಟೆ. ಕಾಲೇಜಿನ ಹೆಸರು ಹಾಕಿ ಸಿಗಲಿಲ್ಲ ಅಂತ ಕೂತು ಅಳಬೇಡಿ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಅದರ ಮುಂದೆ 'ಎಚ್ ಪ್ಲಸ್' ಅಂತ ಮಾನ್ಯತೆಯ ಗುರುತು ಇರಬೇಕು, ನಿಮ್ಮ ಪದವಿಯೂ ಅಲ್ಲಿನ ಪದವಿಗೆ ಸಮ ಅಂತ ಬರೆದಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ 208 ಯೂರೊ ಕಟ್ಟಿ ಪ್ರತ್ಯೇಕ ಸಮಾನತಾ ಪತ್ರ ತರಿಸಿಕೊಳ್ಳಬೇಕು. ಇದನ್ನು ವೀಸಾ ಅಪಾಯಿಂಟ್‌ಮೆಂಟಿನ ಹಿಂದಿನ ವಾರ ಮಾಡೋರನ್ನ ಕಂಡರೆ ನನಗೆ ಮೈ ಉರಿಯುತ್ತೆ.

ಈಗ ಆ ನಾಲ್ಕು ಪ್ರಶ್ನೆ. ಬ್ಲೂ ಕಾರ್ಡಿನಲ್ಲಿ ಮೊದಲ 12 ತಿಂಗಳು ಕೆಲಸ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು, ಅವರು ತಡೆಯಬಹುದು. ಆಮೇಲೆ ನೀವು ಸ್ವತಂತ್ರರು. ಸಂಗಾತಿಗೆ ಜರ್ಮನ್ ಪರೀಕ್ಷೆ ಬೇಡ, ಬಂದ ದಿನದಿಂದ ಕೆಲಸ ಮಾಡಬಹುದು. ಕೆಲಸ ಹೋದರೆ ಸಾಮಾನ್ಯವಾಗಿ ಮೂರು ತಿಂಗಳು. ಖಾಯಂ ವಾಸಕ್ಕೆ ಎ1, ಅಂದರೆ ಮೊದಲ ಮೆಟ್ಟಿಲಿನ ಜರ್ಮನ್ ಇದ್ದರೆ 27 ತಿಂಗಳು, ನಡುಮಟ್ಟದ ಬಿ1 ಇದ್ದರೆ 21. ಆರು ತಿಂಗಳ ವ್ಯತ್ಯಾಸ, ಒಂದು ಭಾಷಾ ಪರೀಕ್ಷೆಯಿಂದ! ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಎಲ್ಲಿಗೂ ಓಡಿಹೋಗಿಲ್ಲ. ಆದರೆ ನಮ್ಮೋರು ವಿಮಾನ ಹತ್ತಿದ ಮೇಲೆ ಆ್ಯಪಿನಲ್ಲಿ ಗೂಬೆ ಹತ್ತಿರ ಜರ್ಮನ್ ಕಲೀತಾರೆ.

ಸಂಬಳಕ್ಕೆ ಬರೋಣ, ನಿಮಗೆ ಅದೇ ತಾನೇ ಬೇಕು. ವರ್ಷಕ್ಕೆ 60,000 ಯೂರೊ ಅಂದರೆ ತಿಂಗಳಿಗೆ 5,000. ಒಂಟಿಯಾಗಿದ್ದು ತೆರಿಗೆ ವರ್ಗ 1ರಲ್ಲಿದ್ದರೆ ಕೈಗೆ ಬರೋದು ಸುಮಾರು 3,100. ತೆರಿಗೆಗಿಂತ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆಗಳೇ ಹೆಚ್ಚು ತಿನ್ನುತ್ತವೆ. ಕೆಲಸ ಮಾಡದ ಸಂಗಾತಿ ಜೊತೆಗಿದ್ದು ವರ್ಗ 3 ಹಾಕಿಸಿಕೊಂಡರೆ 3,500ರ ಹತ್ತಿರ, ಸಂಗಾತಿಯ ವಿಮೆಯೂ ಅದರಲ್ಲೇ ಬರುತ್ತೆ. ಬಾಡಿಗೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರೋದು 'ಕಾಲ್ಟ್', ಅಂದರೆ ತಣ್ಣಗಿನ ಬಾಡಿಗೆ. ಹೀಟರು, ನೀರು, ಕಸ ಸೇರಿದ ಬಾಡಿಗೆ 'ವಾರ್ಮ್', ಅದು ಬೇರೆ. ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ತಣ್ಣಗಿನ ಬಾಡಿಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳು ಕೊಟ್ಟವರಿಗೆ ಇದು ಧರ್ಮಛತ್ರ ಅನ್ನಿಸಬಹುದು. ಬಾಗಿಲು ತೆಗೆದು ನೋಡಿದರೆ ಅಡುಗೆಮನೆಯಲ್ಲಿ ಗೋಡೆಯಿಂದ ಒಂದು ನಲ್ಲಿ ಪೈಪು ಚಾಚಿಕೊಂಡಿರುತ್ತೆ, ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲ ನಿಮ್ಮದೇ ಖರ್ಚು.

ಇನ್ನು ಚಾನ್ಸ್ ಕಾರ್ಡ್ ಅಂತ ಒಂದು, 1 ಜೂನ್ 2024ರಿಂದ ಇದೆ. ಆಫರ್ ಇಲ್ಲದೆ ಹೋಗಿ ಒಂದು ವರ್ಷ ಕೆಲಸ ಹುಡುಕೋ ವೀಸಾ. ಓದು, ಅನುಭವ, ಭಾಷೆ, ವಯಸ್ಸು ನೋಡಿ ಕೊಡೋ ಅಂಕ ಲೆಕ್ಕದಲ್ಲಿ 6 ಬೇಕು. ಖರ್ಚಿಗೆ ದುಡ್ಡಿದೆ ಅಂತ ತೋರಿಸೋಕೆ 2025ರಲ್ಲಿ ತಿಂಗಳಿಗೆ 1,091ರಂತೆ ವರ್ಷಕ್ಕೆ 13,092 ಯೂರೊ ಬ್ಲಾಕ್ ಮಾಡಿದ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಇಡಬೇಕಿತ್ತು. ಅಲ್ಲಿರುವಾಗ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಮಾಡಬಹುದು. ಅರ್ಜಿಗೆ ಬಿ2 ಇಂಗ್ಲಿಷ್ ಸಾಕು ಅನ್ನೋದು ನಿಜ, ಬಲೆ ಇರೋದೂ ಅಲ್ಲೇ. ವೀಸಾ ಕೊಡೋರಿಗೆ ಇಂಗ್ಲಿಷ್ ಸಾಕು, ಕೆಲಸ ಕೊಡೋರಿಗೆ ಸಾಲದು. ಬರ್ಲಿನ್ನಿನ ಸ್ಟಾರ್ಟಪ್ಪುಗಳನ್ನು ಬಿಟ್ಟು ಸಣ್ಣ ಊರಿನ ಮೆಕ್ಯಾನಿಕಲ್ ಕಂಪನಿಗಳ ಕಡೆ ಹೋದರೆ ಸಂದರ್ಶನವೇ ಜರ್ಮನ್ನಿನಲ್ಲಿ.

ಸುಲಭ ಅಂದರಲ್ಲ, ಇದರಲ್ಲಿ ಯಾವುದು ಸುಲಭ?

ನೆದರ್‌ಲೆಂಡ್ಸ್ ವೇಗದಲ್ಲಿ ಜರ್ಮನಿಗಿಂತ ಮೇಲು, ಒಪ್ಪಿದೆ. ಆದರೆ ಅಲ್ಲಿನ ನುರಿತ ಕೆಲಸಗಾರರ ಪರ್ಮಿಟ್‌ಗೆ ಕಂಪನಿ ವಲಸೆ ಇಲಾಖೆಯ ಮಾನ್ಯತೆ ಪಡೆದ ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತೆ. ಏಜೆಂಟ್ ಹೇಳೋ ಕಂಪನಿ ಅಲ್ಲಿ ಇದೆಯಾ ಅಂತ ನೋಡೋಕೆ ಎರಡು ನಿಮಿಷ ಸಾಕು, ಆ ಎರಡು ನಿಮಿಷ ಯಾರೂ ಕೊಡಲ್ಲ. 2025ರಲ್ಲಿ ಬೇಕಿದ್ದ ತಿಂಗಳ ಸಂಬಳ 30 ತುಂಬಿದವರಿಗೆ 5,688, ಅದಕ್ಕಿಂತ ಚಿಕ್ಕವರಿಗೆ 4,171 ಯೂರೊ. ವರ್ಷಕ್ಕೊಮ್ಮೆ ಕೊಡೋ ಶೇ. 8 ರಜಾ ಭತ್ಯೆ ಇದರಲ್ಲಿ ಲೆಕ್ಕಕ್ಕೆ ಇಲ್ಲ. ಆಫರಿನ ವಾರ್ಷಿಕ ಮೊತ್ತವನ್ನು ಸುಮ್ಮನೆ 12ರಿಂದ ಭಾಗಿಸಿ ಕುಣಿಯೋರು ಎಡವೋದು ಇಲ್ಲೇ.

ಎಲ್ಲರ ಬಾಯಲ್ಲೂ ಇರೋ 30 ಪರ್ಸೆಂಟ್ ರೂಲಿಂಗ್ ಕೂಡ ಹೇಳಿದಷ್ಟು ಸಿಹಿ ಅಲ್ಲ. ಸಂಬಳದ ಶೇ. 30ಕ್ಕೆ ತೆರಿಗೆ ಇಲ್ಲ, 5 ವರ್ಷ. 1 ಜನವರಿ 2027ರಿಂದ ಅದು ಶೇ. 27. ಹೊರಗಿನಿಂದ ನೇಮಕ ಆದವರಿಗೆ ಮಾತ್ರ. ಅಲ್ಲೇ ಮಾಸ್ಟರ್ಸ್ ಮುಗಿಸಿ ಅಲ್ಲೇ ಕೆಲಸ ಹಿಡಿದವರಿಗೆ ಸಾಮಾನ್ಯವಾಗಿ ಸಿಗಲ್ಲ. ಕೆಲಸ ಶುರುವಾದ 4 ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಹಿಂದಿನ ತಿಂಗಳುಗಳ ಲಾಭ ಹೋಯ್ತು. ಇನ್ನೊಂದು ಕಟ್ಟು: ವಿನಾಯಿತಿ ತೆಗೆದಮೇಲೂ ತೆರಿಗೆ ಬೀಳೋ ಸಂಬಳ ಒಂದು ಮಿತಿಗಿಂತ ಕೆಳಗೆ ಇಳಿಯಬಾರದು. 2025ರಲ್ಲಿ ಆ ಮಿತಿ 46,660. ಹಾಗಾಗಿ ಆ ವರ್ಷ 60,000 ಯೂರೊ ಸಂಬಳದವನಿಗೆ ತೆರಿಗೆ ಇಲ್ಲದೆ ಸಿಗ್ತಿದ್ದುದು 18,000 ಅಲ್ಲ, 13,340. ಪೂರ್ತಿ ಶೇ. 30 ಬೇಕಾದರೆ ಸಂಬಳ 66,657 ದಾಟಬೇಕಿತ್ತು. (ಆದರೂ ಒಂದು ಖುಷಿ: ಈ ರೂಲಿಂಗ್ ಇದ್ದವರು ಭಾರತದ ಡ್ರೈವಿಂಗ್ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸಿಗೆ ಬದಲಿಸಿಕೊಳ್ಳಬಹುದು. ಜರ್ಮನಿಯಲ್ಲಿ ಆರು ತಿಂಗಳಾದ ಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಬರೆದು ಬೆವರು ಸುರಿಸಬೇಕು.)

ಮನೆ ವಿಷಯದಲ್ಲಿ ಮಾತ್ರ ಆ್ಯಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್ ಕಡೆ ದೇವರೇ ಗತಿ. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಿ ಅಂತಾರೆ. ಅಗ್ಗದ ಜಾಹೀರಾತಿನ ಕೊನೆಯಲ್ಲಿ 'ವಿಳಾಸ ನೋಂದಣಿ ಇಲ್ಲ' ಅಂತಿದ್ದರೆ ಅಲ್ಲಿಗೇ ಬಿಡಿ. ವಿಳಾಸ ನೋಂದಣಿ ಆಗದೆ ಅಲ್ಲಿ ನೆಮ್ಮದಿಯಾಗಿ ನೆಲೆಯೂರೋಕೆ ಆಗಲ್ಲ.

ಭಾಷೆಯ ತಲೆನೋವೇ ಬೇಡ ಅನ್ನೋರಿಗೆ ಐರ್ಲೆಂಡ್. ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ (ಜನ ಸಾಲದ ಕುಶಲ ಕೆಲಸಗಳ ಪಟ್ಟಿಗೆ ಕೊಡೋದು) ಸಿಕ್ಕರೆ ಎರಡು ವರ್ಷಕ್ಕೆ ಸ್ಟ್ಯಾಂಪ್ 4 ಅನ್ನೋ ವಾಸದ ಅನುಮತಿ ಕಡೆ ದಾರಿ, ಆಮೇಲೆ ಯಾವ ಕಂಪನಿಯ ಹಂಗೂ ಇಲ್ಲ. ಸಂಗಾತಿಗೂ ಕೆಲಸ ಮಾಡೋ ಹಕ್ಕು. 2025ರಲ್ಲಿ ಪಟ್ಟಿಯಲ್ಲಿದ್ದ ಕೆಲಸ, ಸಂಬಂಧಪಟ್ಟ ಪದವಿ ಇದ್ದರೆ 38,000 ಯೂರೊ ಸಾಕಿತ್ತು. ಅದೇ ಕಂಪನಿ ಜನರಲ್ ಪರ್ಮಿಟ್ ಮಾಡಿಸಿದರೆ ಇದೇ ಮಾತು ಐದು ವರ್ಷ, ಕುಟುಂಬ ಕರೆಸೋಕೂ ಮೊದಲ ವರ್ಷ ಕಾಯಬೇಕು. ಒಂದೇ ಆಫೀಸು, ಪಕ್ಕಪಕ್ಕದ ಕುರ್ಚಿ, ಒಬ್ಬನಿಗೆ ಎರಡು ವರ್ಷ, ಇನ್ನೊಬ್ಬನಿಗೆ ಐದು! 'ಐರ್ಲೆಂಡ್ ಹೇಗೆ' ಅಂತ ಕೇಳೋರಿಗೆ ಏನು ಹೇಳಲಿ? ಅಲ್ಲಿ ಓದಿದ ವರ್ಷಗಳು ಪೌರತ್ವದ ಲೆಕ್ಕಕ್ಕೆ ಬರಲ್ಲ ಅನ್ನೋದನ್ನೂ ಸೇರಿಸಿಕೊಳ್ಳಿ. ಡಬ್ಲಿನ್ ಬಾಡಿಗೆ ಬಗ್ಗೆ ಬರೆದರೆ ಬಿಪಿ ಏರುತ್ತೆ, ಬಿಡಿ.

ಈಗ ಒಬ್ಬರು ಬಂದೇ ಬರ್ತಾರೆ: "ಅಷ್ಟೆಲ್ಲ ಯಾಕೆ ಸರ್, ಎಲ್ಲಾದರೂ ಒಂದು ಕಡೆ ಒಳಗೆ ಕಾಲಿಟ್ಟರೆ ಆಯ್ತು, ಷೆಂಗೆನ್ ತಾನೇ, ದೇಶ ದೇಶಗಳ ಮಧ್ಯೆ ಗಡಿ ತಪಾಸಣೆ ಇಲ್ಲ, ಆಮೇಲೆ ಜರ್ಮನಿಗೆ ಹಾರೋದು." ಹಾರಿ, ಹಾರಿ. ಒಂದು ದೇಶದ ಪರ್ಮಿಟ್ ಬೇರೆ ಷೆಂಗೆನ್ ದೇಶದಲ್ಲಿ 180 ದಿನಕ್ಕೆ 90 ದಿನ ತಿರುಗಾಡೋಕೆ ಬಿಡುತ್ತೆ, ದುಡಿಯೋಕೆ ಬಿಡಲ್ಲ. ಪೋಲೆಂಡಿನ ಗೋದಾಮಿನ ಪರ್ಮಿಟ್ ಹಿಡಿದು ಮ್ಯೂನಿಕ್‌ನಲ್ಲಿ ಕೆಲಸ ಮಾಡಿದರೆ ಅದು ಕಳ್ಳ ಕೆಲಸ, ಸಿಕ್ಕಿಬಿದ್ದರೆ ಗಡೀಪಾರು. ಈ ವಾದದಲ್ಲಿ ಒಂದು ಚೂರು ಸತ್ಯ ಇದೆ, ಇಲ್ಲ ಅನ್ನಲ್ಲ: ಒಂದು ದೇಶದಲ್ಲಿ ಬ್ಲೂ ಕಾರ್ಡ್ ಹಿಡಿದು 12 ತಿಂಗಳು ಕಳೆದವರು ಇನ್ನೊಂದು ದೇಶಕ್ಕೆ ಹೋಗಿ ಅಲ್ಲೇ ಬ್ಲೂ ಕಾರ್ಡಿಗೆ ಅರ್ಜಿ ಹಾಕಬಹುದು. ಅಲ್ಲಿಯ ಸಂಬಳದ ಮಿತಿ ಮತ್ತೆ ಮುಟ್ಟಬೇಕು. ಡೆನ್ಮಾರ್ಕು, ಐರ್ಲೆಂಡು ಈ ಬ್ಲೂ ಕಾರ್ಡಿನ ಆಟದಲ್ಲೇ ಇಲ್ಲ. ಏಜೆಂಟ್ ಮಾರೋದು ಬ್ಲೂ ಕಾರ್ಡ್ ಅಲ್ಲ ಅಂತ ಬೇರೆ ಹೇಳಬೇಕಾ?

ಪೋರ್ಚುಗಲ್ ಇದೇ 'ಕಾಲಿಟ್ಟರೆ ಸಾಕು' ಜನರ ಸ್ವರ್ಗ ಆಗಿತ್ತು. ಪ್ರವಾಸಿಯಾಗಿ ಹೋಗಿ, ಕೆಲಸ ಹಿಡಿದು, ಅಲ್ಲೇ ಅರ್ಜಿ ಹಾಕೋ ದಾರಿ ಜೂನ್ 2024ರಲ್ಲಿ ಮುಚ್ಚಿತು. ಅದಕ್ಕೆ ಮೊದಲೇ, ಅಕ್ಟೋಬರ್ 2023ರಲ್ಲಿ, ಹಳೇ ವಲಸೆ ಇಲಾಖೆಯನ್ನು ಮುಚ್ಚಿ ಹೊಸದು ತೆರೆದಾಗ ಲಕ್ಷಾಂತರ ಕಡತ ಬಾಕಿ ಬಿದ್ದವು. ಪೌರತ್ವದ ಐದು ವರ್ಷವನ್ನು ಹತ್ತಕ್ಕೆ ಏರಿಸೋ ಮಸೂದೆಗೆ ಅಲ್ಲಿನ ಸಂಸತ್ತು 2025ರಲ್ಲಿ ಒಪ್ಪಿಗೆ ಕೊಟ್ಟಿತು. ರೀಲುಗಳಲ್ಲಿ ಈ ಸುದ್ದಿಯೇ ಇಲ್ಲ, ಐದೇ ವರ್ಷ, ಜೊತೆಗೆ ಸಮುದ್ರ. ಸ್ಪೇನ್, ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷದ ಬಾಬತ್ತು. ಸ್ವಿಟ್ಜರ್‌ಲೆಂಡಿನ ಸಂಬಳದ ಅಂಕಿ ನೋಡಿದರೆ ನನ್ನ ಕಣ್ಣೂ ಅರಳುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಅಲ್ಲಿ ಕೋಟಾ ಇದೆ, ಬ್ರಿಟನ್ ಬಿಟ್ಟು ಉಳಿದ ಜಗತ್ತಿಗೆಲ್ಲ ಸೇರಿ ವರ್ಷಕ್ಕೆ 8,500 ಪರ್ಮಿಟ್.

ಮಕ್ಕಳಿದ್ದರೆ ಇನ್ನೊಂದು ಲೆಕ್ಕ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ 4ನೇ ತರಗತಿ ಮುಗಿದಾಗಲೇ ಮಗು ಗಿಮ್ನಾಸಿಯಂಗೆ (ವಿಶ್ವವಿದ್ಯಾಲಯದ ಕಡೆ ಒಯ್ಯೋ ಹೈಸ್ಕೂಲು) ಹೋಗುತ್ತೋ ಬೇರೆ ಶಾಲೆಗೋ ಅಂತ ದಾರಿ ಕವಲೊಡೆಯುತ್ತೆ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ 6ನೇ ತರಗತಿ. ಐದು ವರ್ಷದ ಮಗು ಒಂದೇ ವರ್ಷದಲ್ಲಿ ಜರ್ಮನ್ ಮಾತಾಡುತ್ತೆ. ಹತ್ತು ವರ್ಷದ್ದನ್ನು ಭಾಷೆ ಬಾರದೆ ಆ ಕವಲಿಗೆ ಕರೆದೊಯ್ದು ನಿಲ್ಲಿಸಿದರೆ ಅದಕ್ಕೆ ಅನ್ಯಾಯ. ತಿಂಗಳು ತಿಂಗಳು ಮಕ್ಕಳ ಭತ್ಯೆ ಬರುತ್ತೆ ಅಂತ ಹಿಗ್ಗೋ ಅಪ್ಪಂದಿರು ಇದನ್ನು ಕೇಳಿಸಿಕೊಳ್ಳಲ್ಲ. ಅಪ್ಪ ಅಮ್ಮನನ್ನು ಕರೆಸಿಕೊಳ್ಳೋದಕ್ಕೆ ಮಾರ್ಚ್ 2024ರಿಂದ ಪರ್ಮಿಟ್ ಪಡೆದ ಕುಶಲ ಕೆಲಸಗಾರರಿಗೆ ಜರ್ಮನ್ ಕಾನೂನಿನಲ್ಲಿ ಅವಕಾಶ ಏನೋ ಇದೆ. ಎಪ್ಪತ್ತು ದಾಟಿದವರಿಗೆ ಆರೋಗ್ಯ ವಿಮೆ ಕೊಡೋ ಕಂಪನಿ ಹುಡುಕೋದರಲ್ಲೇ ಅದು ಮುಗಿಯುತ್ತೆ.

ಕೊನೆಗೆ ನಮ್ಮ ಕನ್ನಡದವರದ್ದೇ ಒಂದು ತಾಪತ್ರಯ, ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಹಿಂದೆ ಒಂದು, ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ. ಯೂರೋಪಿನ ಯಾವ ಫಾರಂ ಕೂಡ ಆ ಜಾಗವನ್ನು ಖಾಲಿ ಬಿಡಲ್ಲ. ಹೆಸರಿಡೀ ಅಲ್ಲಿಗೆ ಹೋಗಿ ಕೂರೋದೂ ಉಂಟು. ಬ್ಯಾಂಕಿನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು, ಮಗುವಿನ ಜನನ ಪತ್ರದಲ್ಲಿ ಮೂರನೆಯದು. ಪಾಸ್‌ಪೋರ್ಟನ್ನು ಇಲ್ಲೇ ಸರಿಮಾಡಿಸಿ, ಮದುವೆ ಪತ್ರ, ಜನನ ಪತ್ರಗಳಲ್ಲೂ ಅದೇ ಕಾಗುಣಿತ ಇರಲಿ. ನೆದರ್‌ಲೆಂಡ್ಸ್, ಐರ್ಲೆಂಡಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಪತ್ರ ಅಸಲಿ ಅನ್ನೋ ಮುದ್ರೆ, ನಡೆಯುತ್ತೆ. ಭಾರತದ ಅಪೊಸ್ಟಿಲ್‌ಗೆ ಜರ್ಮನಿಯ ಆಕ್ಷೇಪ ಇರೋದರಿಂದ ಅಲ್ಲಿಗೆ ಆ ಮುದ್ರೆ ಉಪಯೋಗಕ್ಕಿಲ್ಲ, ಏಜೆಂಟ್ ಕೇಳಿದ ಅಂತ ಸಾವಿರಾರು ರೂಪಾಯಿ ಸುರಿಯಬೇಡಿ.

ಪೌರತ್ವದವರೆಗೂ ಯೋಚಿಸಿದವರಿಗೆ ಒಂದು ಮಾತು. ಜರ್ಮನಿ 27 ಜೂನ್ 2024ರಿಂದ ಐದೇ ವರ್ಷಕ್ಕೆ ಕೊಡುತ್ತೆ, ಎರಡು ಪಾಸ್‌ಪೋರ್ಟ್ ಇದ್ದರೂ ಸರಿ ಅನ್ನುತ್ತೆ. ಭಾರತ ಒಪ್ಪಲ್ಲ. ಅವರ ಪೌರತ್ವ ಸಿಕ್ಕರೆ ನಮ್ಮದು ಹೋಗುತ್ತೆ, ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಾದರೆ ಓಸಿಐ ಕಾರ್ಡ್ (ವೀಸಾ ಇಲ್ಲದೆ ಭಾರತಕ್ಕೆ ಬಂದು ಇರೋಕೆ ಬಿಡೋ ಕಾರ್ಡ್) ತಗೋಬಹುದು. ಇನ್ನು ಎನ್‌ಆರ್‌ಐ ಆಗಲಿ ಓಸಿಐ ಆಗಲಿ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದು ಇಟ್ಟುಕೊಳ್ಳಬಹುದು, ಅಷ್ಟೇ. ಯೂರೊ ಸಂಪಾದಿಸಿ ಸಕಲೇಶಪುರದಲ್ಲಿ ಎಸ್ಟೇಟ್ ಮಾಡ್ತೀನಿ ಅನ್ನೋರು ದಯವಿಟ್ಟು ಹೊರಡೋ ಮೊದಲೇ ಮಾಡಿಕೊಳ್ಳಿ.